ಸೊಪ್ಪಿನ ಮುನಿಗಂಗಪ್ಪನವರ ಎದೆನೋವು

ಮಾವಳ್ಳಿಯ ನಮ್ಮ ವಠಾರದ ಕೊನೆಯ ಮನೆ ಕುಸುಮಾ ಅಕ್ಕನದು. ಅಕ್ಕ ಚಾಮರಾಜಪೇಟೆಯ ಒಂದು ಧರ್ಮಾಸ್ಪತ್ರೆಗೆ ಸೇರಿದ ನರ್ಸಿಂಗ್ ಶಾಲೆಯಲ್ಲಿ ಟ್ಯೂಟರ್. ಅಂದರೆ ನರ್ಸ್ ಆಗಬೇಕೆಂದು ಬರುವ ಹುಡುಗಿಯರಿಗೆ ಪಾಠ ಹೇಳುವವರು. ವಠಾರದಲ್ಲಿ ಮಗುವಿಗೆ ಜ್ವರ ಬಂದಾಗ ಎಲ್ಲರೂ ಅವರನ್ನು "ಸಿಸ್ಟರ್" ಎಂದು ಕರೆಯುತ್ತಾರೆ. ಜ್ವರ ಇಳಿದ ಮೇಲೆ ಮತ್ತೆ "ಕುಸುಮಾ" ಎನ್ನುತ್ತಾರೆ. ಅಕ್ಕನಿಗೆ ಎರಡರಲ್ಲೂ ಬೇಸರವಿಲ್ಲ.

ಅವರ ತಂದೆ ಮುನಿಗಂಗಪ್ಪನವರು ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುತ್ತಾರೆ. ಕೋಳಿ ಕೂಗುವ ಮೊದಲೇ ಕಲಾಸಿಪಾಳ್ಯದ ಮಾರುಕಟ್ಟೆಗೆ ಹೋಗಿ ದಂಟು, ಮೆಂತ್ಯ, ಸಬ್ಬಸಿಗೆ ಕಟ್ಟುಗಳನ್ನು ಆರಿಸಿ ತರುತ್ತಾರೆ. ಸೊಪ್ಪಿನ ಲಾರಿ ತಡವಾದರೆ ಅಲ್ಲೇ ಗೋಣಿಚೀಲದ ಮೇಲೆ ಮಲಗಿ ಒಂದು ನಿದ್ದೆ ತೆಗೆಯುತ್ತಾರೆ. ಸುತ್ತ ಹಮಾಲರು ಕೂಗಾಡಿದರೂ, ಲಾರಿಗಳು ಹಾರ್ನ್ ಹೊಡೆದರೂ ಅವರಿಗೆ ಎಚ್ಚರವಾಗುವುದಿಲ್ಲ.

ಮಗಳನ್ನು ನರ್ಸಿಂಗಿಗೆ ಸೇರಿಸಿದಾಗ ನೆಂಟರೊಬ್ಬರು ಮನೆಗೆ ಬಂದು, "ಹೋಗಿ ಹೋಗಿ ಕಂಡೋರ ಮೈ ತೊಳಿಯೋ ಕೆಲಸಕ್ಕೆ ಹಾಕ್ದೆಯಾ?" ಎಂದು ಕೇಳಿದ್ದರಂತೆ. ಮುನಿಗಂಗಪ್ಪನವರು, "ನಾನು ದಿನಾ ಸೊಪ್ಪಿನ ಬೇರು ತೊಳೀತೀನಿ. ನನ್ನ ಮಗಳು ಮನುಷ್ಯರನ್ನ ತೊಳೀತಾಳೆ. ಯಾವುದು ಮೇಲು, ನೀನೇ ಹೇಳು" ಎಂದರಂತೆ. ಆ ನೆಂಟರು ಸಂಜೆ ಹೋಗುವಾಗ ಎರಡು ಕಟ್ಟು ಸಬ್ಬಸಿಗೆ ತೆಗೆದುಕೊಂಡು ಹೋದರು ಎಂಬುದನ್ನು ಅಂಜನಮ್ಮನವರು, ಅಂದರೆ ಅಕ್ಕನ ತಾಯಿ, ಈಗಲೂ ನಗುತ್ತಾ ಹೇಳುತ್ತಾರೆ.

ಮುನಿಗಂಗಪ್ಪನವರಿಗೆ ಒಂದು ಹುಚ್ಚು ಇತ್ತು. ಅದು ಪೌರಾಣಿಕ ನಾಟಕ. ವಯಸ್ಸಿನಲ್ಲಿದ್ದಾಗ ಸುತ್ತಲಿನ ಊರುಗಳಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ನಾಟಕಗಳಲ್ಲಿ, ಕೊನೆಯ ಅಂಕದಲ್ಲಿ ಸಾಯುವ ರಾಜನ ಪಾತ್ರ ಇದ್ದರೆ ಅದು ಅವರದೇ. ಬಾಣ ನಾಟಿದ ಮೇಲೂ ಅವರು ಎರಡು ಹಾಡು ಹೇಳುತ್ತಿದ್ದರು. ಜನ "ಒನ್ಸ್ ಮೋರ್" ಅಂದರೆ ಎದ್ದು ಮತ್ತೆ ಸಾಯುತ್ತಿದ್ದರು. ಹಾಗೆ ಬಿದ್ದುಕೊಂಡಿರುವಾಗಲೂ ಅವರ ಬಲಗಾಲಿನ ಹೆಬ್ಬೆರಳು ಹಾರ್ಮೋನಿಯಂ ಜೊತೆ ತಾಳ ಹಾಕುತ್ತಿತ್ತು. ಆ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ. ಈ ಹೆಬ್ಬೆರಳಿನ ವಿಷಯ ಮುಂದೆ ಬರುತ್ತದೆ, ಆದ್ದರಿಂದ ಇಲ್ಲೇ ಹೇಳಿದ್ದೇನೆ.

ಕುಸುಮಾ ಅಕ್ಕ ಬಹಳ ವರ್ಷ ವಾರ್ಡಿನಲ್ಲಿ ದುಡಿದು ಆಮೇಲೆ ಟ್ಯೂಟರ್ ಆದವರು. ಪಾಠ ಹೇಳುವುದೆಂದರೆ ನೋಟ್ಸ್ ಓದುವುದು, ಹುಡುಗಿಯರು ಬರೆದುಕೊಳ್ಳುವುದು. ರೋಗಿ ಇದ್ದಕ್ಕಿದ್ದಂತೆ ಕುಸಿದು ಬಿದ್ದರೆ ಏನು ಮಾಡಬೇಕೆಂದು ಕೇಳಿದರೆ ಇಡೀ ತರಗತಿ ಮಗ್ಗಿಯಂತೆ ಒಪ್ಪಿಸುತ್ತಿತ್ತು. ಆದರೆ ಅದೇ ಹುಡುಗಿಯರನ್ನು ಓಪಿಡಿಗೆ, ಅಂದರೆ ಚೀಟಿ ಹಿಡಿದು ಜನ ಕಾಯುವ ಹೊರರೋಗಿಗಳ ವಿಭಾಗಕ್ಕೆ ಹಾಕಿದಾಗ ಅಕ್ಕನಿಗೆ ಒಳಗೊಳಗೇ ಹೆದರಿಕೆ. ವಾರ್ಡಿನಲ್ಲಾದರೆ ಮಂಚ ಇದೆ, ಪಕ್ಕದಲ್ಲೇ ಆಕ್ಸಿಜನ್ ಇದೆ. ಓಪಿಡಿಯಲ್ಲಿ ಬೆಂಚು ಮತ್ತು ಜನ, ಅಷ್ಟೇ. ಅಲ್ಲಿ ಯಾರಾದರೂ ಬಿದ್ದರೆ ಈ ಮಗ್ಗಿ ಕೆಲಸಕ್ಕೆ ಬರುತ್ತದೆಯೇ?

ಎರಡು ಸಾವಿರದ ಮೂರರಲ್ಲಿ ಆಸ್ಪತ್ರೆಯವರು ಅಕ್ಕನನ್ನು ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಒಂದು ವಾರದ ತರಬೇತಿಗೆ ಕಳಿಸಿದರು. ಅಕ್ಕ ವಾಪಸ್ ಬಂದ ದಿನ ಬ್ಯಾಗನ್ನು ಮನೆಯೊಳಗೆ ಇಡಲೂ ಇಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದವರ ಮುಂದೆಯೇ ಶುರು ಮಾಡಿದರು.

"ಅಲ್ಲಿ ಪಾಠ ಓದೋದೇ ಇಲ್ಲ ಕಣ್ರೀ. ಆಡೋದು! ಒಬ್ರು ರೋಗಿ ಆಗ್ತಾರೆ. ನಿಜವಾಗ್ಲೂ ಬೀಳ್ತಾರೆ. ನಾವು ಟೀಚರ್‌ಗಳೇ ಓಡಾಡಿ ನೋಡ್ಕೋಬೇಕು. ಆಮೇಲೆ ಎಲ್ಲಾ ಕೂತ್ಕೊಂಡು, ಎಲ್ಲಿ ತಪ್ತು ಅಂತ ಮಾತಾಡೋದು. ಯಾರೂ ಬೈಯೋ ಹಾಗಿಲ್ಲ!"

"ಅಂದ್ರೆ ನಾಟಕ ಅನ್ನು," ಎಂದರು ಮನೆಯೊಳಗಿನಿಂದ ಮುನಿಗಂಗಪ್ಪನವರು. ಅವರ ಧ್ವನಿಯಲ್ಲಿ ಆಗಲೇ ಏನೋ ಒಂದು ಆಸೆ ಇತ್ತು ಎಂದು ಅಂಜನಮ್ಮನವರು ಹೇಳುತ್ತಾರೆ.

ಮಾರನೆಯ ದಿನವೇ ಅಕ್ಕ ಆಸ್ಪತ್ರೆಯ ಮುಖ್ಯಸ್ಥರಾದ ಡಾಕ್ಟರ್ ಶಿವಶಂಕರ್ ಅವರ ಕೋಣೆಗೆ ಹೋದರು. ಅಕ್ಕನ ಯೋಚನೆ ಹೀಗಿತ್ತು. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಸಣ್ಣ ಸಣ್ಣ ನರ್ಸಿಂಗ್ ಶಾಲೆಗಳ ಟ್ಯೂಟರ್‌ಗಳನ್ನು ಕರೆಯಬೇಕು. ಮೊದಲು ಪಾಠ ಹೇಳುವವರು ಆಡಿ ಕಲಿಯಬೇಕು. ಆಮೇಲೆ ಅವರು ತಮ್ಮ ತಮ್ಮ ಹುಡುಗಿಯರಿಗೆ ಕಲಿಸುತ್ತಾರೆ. ಅದಕ್ಕೆ ಮಹಡಿಯ ಮೇಲಿನ ಖಾಲಿ ಕೋಣೆ ಬೇಕು.

"ಆ ಕೋಣೆಗೆ ಬಿಲ್ಲಿಂಗ್ ಕಂಪ್ಯೂಟರ್ ಬರ್ತಾ ಇದೆ ಸಿಸ್ಟರ್," ಎಂದರು ಡಾಕ್ಟರು. "ಟ್ರಸ್ಟ್ ಸೆಕ್ರೆಟರಿಗಳು ಆಗ್ಲೇ ಅಳತೆ ತಗೊಂಡು ಹೋಗಿದಾರೆ."

"ಒಂದೇ ಒಂದು ಶನಿವಾರ ಕೊಡಿ ಸರ್."

"ದೊಡ್ಡವರನ್ನೆಲ್ಲ ಕೂರಿಸ್ಕೊಂಡು ನಾಟಕ ಆಡಿಸಿದ್ರೆ ಓಪಿಡಿ ಸರಿ ಹೋಗತ್ತೇನ್ರೀ?"

"ನೀವೇ ಬಂದು ನೋಡಿ ಸರ್. ಆಮೇಲೆ ಬೇಡ ಅಂದ್ರೆ ನಾನೇ ಕೋಣೆ ಗುಡಿಸಿ ಕಂಪ್ಯೂಟರ್‌ಗೆ ಬಿಟ್ಕೊಡ್ತೀನಿ."

ಡಾಕ್ಟರು, ಆಗಲಿ, ಒಂದು ಶನಿವಾರ ನೋಡೋಣ, ಆಮೇಲೆ ಹೇಳುತ್ತೇನೆ ಎಂದರು. ಕೋಣೆ ಹೋದರೆ ಈ ತರಬೇತಿಯೂ ಹೋಯಿತು ಎಂಬುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಮತ್ತೆ ಅದೇ ನೋಟ್ಸ್, ಅದೇ ಮಗ್ಗಿ. ಆದರೂ ಆ ದಿನ ಚಾಮರಾಜಪೇಟೆಯಿಂದ ಮಾವಳ್ಳಿಯವರೆಗೆ ಬಸ್ಸಿಗೆ ಕಾಯದೆ ನಡೆದೇ ಬಂದರಂತೆ. ಒಂದು ಕಡೆ ನಿಲ್ಲಲು ಕಾಲು ಕೇಳಲಿಲ್ಲ ಎಂದು ಅವರೇ ಹೇಳಿದ್ದಾರೆ.

ಈಗ ರೋಗಿ ಬೇಕಾಗಿತ್ತು. ವಿದ್ಯಾರ್ಥಿನಿಯರನ್ನು ಮಲಗಿಸಿ ನೋಡಿದರು. ನಾಡಿ ಹಿಡಿದ ಕೂಡಲೇ ಕಿಸಕ್ಕೆಂದು ನಗುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕುಳಿತಾಗ ಅಕ್ಕ ಇದನ್ನು ಹೇಳಿಕೊಂಡರು. ಮುನಿಗಂಗಪ್ಪನವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎದೆಯ ಮೇಲೆ ಕೈಯಿಟ್ಟು, ನೆಲಕ್ಕೆ ಒರಗಿ, "ಅಯ್ಯೋ ವಿಧಿಯೇ! ನನ್ನ ಸಿಂಹಾಸನವನ್ನು ಯಾರಿಗೆ ಒಪ್ಪಿಸಲಿ!" ಎಂದು ಶುರು ಮಾಡಿದರು.

"ಸತ್ತಿದ್ದು ಸಾಕು, ಎದ್ದು ಮುದ್ದೆ ತಿನ್ನು," ಎಂದರು ಅಂಜನಮ್ಮ.

ಆದರೆ ಅಕ್ಕನ ಮುಖ ಅರಳಿತ್ತು. "ಅಪ್ಪಾ, ಸಿಂಹಾಸನ ಬೇಡ. ಓಪಿಡಿ ಬೆಂಚು. ಮಾತು ಬೇಡ. ಎದೆನೋವಲ್ಲಿ ಯಾರೂ ಭಾಷಣ ಮಾಡಲ್ಲ."

"ಮಾತೇ ಇಲ್ದಿದ್ರೆ ಜನಕ್ಕೆ ಹೇಗಮ್ಮ ಗೊತ್ತಾಗತ್ತೆ?"

"ಅದೇ ಅಲ್ವಾ ಅವರು ಕಲಿಬೇಕಾದ್ದು!"

ಆ ವಾರವೆಲ್ಲ ವಠಾರದಲ್ಲಿ ಮುನಿಗಂಗಪ್ಪನವರ ಅಭ್ಯಾಸ ನಡೆಯಿತು. ನೋವು ಎದೆಯಿಂದ ಎಡತೋಳಿಗೆ ಇಳಿಯಬೇಕು, ದವಡೆಗೂ ಬರಬೇಕು, ಉಸಿರು ಸಣ್ಣಗಾಗಬೇಕು ಎಂದು ಅಕ್ಕ ತೋರಿಸಿಕೊಟ್ಟರು. ಬಣ್ಣ ಅವರೇ ಹಾಕಿಕೊಂಡರು. ವಿಭೂತಿಯನ್ನು ತೆಳ್ಳಗೆ ಬಳಿದರೆ ಮುಖ ಬಿಳಿಚಿಕೊಳ್ಳುತ್ತದೆ. ಅದರ ಮೇಲೆ ಗ್ಲಿಸರಿನ್ ಹನಿಗಳನ್ನು ಚಿಮುಕಿಸಿದರೆ ಬೆವರು. ನೋಡಿದವರಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಒಂದೇ ತೊಂದರೆ. ಮಧ್ಯದಲ್ಲಿ ಯಾರಾದರೂ ಬಾಗಿಲ ಹತ್ತಿರ ಬಂದರೆ ಕಣ್ಣು ಬಿಟ್ಟು, "ಬನ್ನಿ ಬನ್ನಿ, ಹೇಗಿತ್ತು?" ಎಂದು ಕೇಳಿಬಿಡುತ್ತಿದ್ದರು. ಅದಕ್ಕೆ ಅಕ್ಕ ಕಟ್ಟುನಿಟ್ಟಾಗಿ ಒಂದು ನಿಯಮ ಮಾಡಿದರು.

"ಅಪ್ಪಾ, ನಾನು 'ಸಾಕು' ಅನ್ನೋವರೆಗೂ ನೀನು ರೋಗಿ. ಯಾರು ಬಂದ್ರೂ ಅಷ್ಟೆ, ಏನ್ ಕೇಳಿದ್ರೂ ಅಷ್ಟೆ."

"ಆಯ್ತಮ್ಮ. ದೇವರಾಣೆ ಬಿಡಲ್ಲ."

ಕಾಲಿನ ಹೆಬ್ಬೆರಳು ಮಾತ್ರ ಅಲ್ಲಾಡುತ್ತಲೇ ಇತ್ತು. ಅದನ್ನು ಬಿಡಿಸಲು ಅಕ್ಕನಿಗೂ ಆಗಲಿಲ್ಲ. ಇರಲಿ ಎಂದು ಬಿಟ್ಟರು.

ಎದೆಬಡಿತ ನಿಂತವರಿಗೆ ಎದೆ ಒತ್ತುವುದನ್ನು ಬದುಕಿರುವ ಮನುಷ್ಯನ ಮೇಲೆ ಅಭ್ಯಾಸ ಮಾಡುವಂತಿಲ್ಲ. ಅದಕ್ಕೆ ಅಕ್ಕ ಹಳೆಯ ಹಾಸಿಗೆಯ ಹತ್ತಿ ತುಂಬಿ ಒಂದು ಗೊಂಬೆ ಹೊಲಿದರು. ಮುನಿಗಂಗಪ್ಪನವರು ಅದಕ್ಕೆ ತಮ್ಮ ಹಳೆಯ ಅಂಗಿ ತೊಡಿಸಿ, "ಇದು ನನ್ನ ಡೂಪು" ಎಂದರು.

ಶನಿವಾರ ಬಂತು. ಅಂದು ಮುನಿಗಂಗಪ್ಪನವರು ಎಂದಿನಂತೆ ಮಾರುಕಟ್ಟೆಗೆ ಹೋಗಿ, ಸೊಪ್ಪನ್ನು ತಂದು, ಬುಟ್ಟಿಯನ್ನು ಅಂಜನಮ್ಮನವರಿಗೆ ಒಪ್ಪಿಸಿ, ಕಣ್ಣು ಮುಚ್ಚದೆ ನೇರವಾಗಿ ಆಸ್ಪತ್ರೆಗೆ ಬಂದಿದ್ದರು. ಮಹಡಿಯ ಕೋಣೆಯನ್ನು ಅಕ್ಕ ಓಪಿಡಿಯಂತೆಯೇ ಜೋಡಿಸಿದ್ದರು. ಬೆಂಚುಗಳು, ಒಂದು ಮೇಜು, ಚಕ್ರವಿರುವ ಟ್ರಾಲಿ. ಕೆಳಗಿನ ಓಪಿಡಿಯಲ್ಲಿ ದಿನವೂ ಚೀಟಿ ಕೊಡುವ ಮರಿಯಣ್ಣನನ್ನೇ ಮೇಜಿನ ಹಿಂದೆ ಕೂರಿಸಿದ್ದರು. ಮರಿಯಣ್ಣ ಅಲ್ಲೂ "ಸಾಲಾಗಿ ಬನ್ನಿ, ಸಾಲಾಗಿ" ಎಂದು ಗದರುತ್ತಿದ್ದ. ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ.

ಬಂದ ಟ್ಯೂಟರ್‌ಗಳಲ್ಲಿ ಮಲ್ಲೇಶ್ವರದ ಶಾಲೆಯ ಮಾಧವಿ ಎಂಬುವರು ಎಲ್ಲರಿಗಿಂತ ಹಿಂದೆ ಕುಳಿತಿದ್ದರು. ಮೆಲ್ಲನೆಯ ಧ್ವನಿ. ಹೆಸರು ಹೇಳಿ ಎಂದಾಗಲೂ ಎರಡು ಸಲ ಹೇಳಬೇಕಾಯಿತು.

ಆಟ ಶುರುವಾಯಿತು. ಟ್ಯೂಟರ್‌ಗಳೇ ಓಪಿಡಿಯ ನರ್ಸ್‌ಗಳು. ಮುನಿಗಂಗಪ್ಪನವರು ಚೀಟಿ ಹಿಡಿದು ಬೆಂಚಿನ ಮೇಲೆ ಕುಳಿತಿದ್ದರು. ಮೆಲ್ಲಗೆ ಎದೆ ಹಿಡಿದುಕೊಂಡರು. ತೋಳು ನೀವಿಕೊಂಡರು. ಆಮೇಲೆ ಪಕ್ಕಕ್ಕೆ ಜಾರಿ ನೆಲದ ಮೇಲೆ ಬಿದ್ದರು. ಒಂದು ಮಾತಿಲ್ಲ. ಅಷ್ಟು ಚೆನ್ನಾಗಿ ಬಿದ್ದರು ಎಂದರೆ ಅಕ್ಕನೇ ಒಂದು ಕ್ಷಣ ಉಸಿರು ಹಿಡಿದರಂತೆ.

"ಡಾಕ್ಟ್ರೇ!" ಎಂದು ಒಬ್ಬರು ಕೂಗಿ ಬಾಗಿಲಿಗೆ ಓಡಿದರು. ಅವರ ಹಿಂದೆ ಇನ್ನೊಬ್ಬರು. ಇನ್ನಿಬ್ಬರು ಟ್ರಾಲಿ ತರುತ್ತೇವೆಂದು ಓಡಿದರು, ಟ್ರಾಲಿ ಕೋಣೆಯಲ್ಲೇ ಇತ್ತು. ಮಾಧವಿಯವರಂತೂ ಎಲ್ಲರನ್ನೂ ದಾಟಿ ಮೆಟ್ಟಿಲು ಇಳಿದು ಕೆಳಗಿನ ಅಂಗಳ ಮುಟ್ಟಿದ್ದರು. ಮರಿಯಣ್ಣನೂ, ಎಲ್ಲರೂ ಓಡುತ್ತಿದ್ದಾರಲ್ಲ ಎಂದು ಚೀಟಿಗಳನ್ನು ಹಿಡಿದುಕೊಂಡೇ ಓಡಿದ.

ಕೋಣೆ ಖಾಲಿಯಾಯಿತು. ಮೂಲೆಯಲ್ಲಿ ಅಕ್ಕ ಮಾತ್ರ ನಿಂತಿದ್ದರು. ಮುನಿಗಂಗಪ್ಪನವರು ಸ್ವಲ್ಪ ಹೊತ್ತು ಕಾದರು. ಆಮೇಲೆ, ನಿಯಮ ಮುರಿಯಬಾರದೆಂದು ಕಣ್ಣು ಮುಚ್ಚಿಕೊಂಡೇ, ಕ್ಷೀಣವಾದ ಧ್ವನಿಯಲ್ಲಿ ಕೇಳಿದರು.

"ಎಲ್ರೂ ಹೋದ್ರಲ್ಲಮ್ಮ. ನಾನು ಯಾರ ಮುಂದೆ ಸಾಯ್ಲಿ?"

ಬಾಗಿಲಿಗೆ ವಾಪಸ್ ಬರುತ್ತಿದ್ದ ಟ್ಯೂಟರ್‌ಗಳಿಗೆ ಇದು ಕೇಳಿಸಿತು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ ಬಾಗಿಲು ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಒಬ್ಬರ ಮುಖವನ್ನು ಒಬ್ಬರು ನೋಡಲಿಲ್ಲ.

"ಅಪ್ಪಾ, ಸಾಕು," ಎಂದರು ಅಕ್ಕ. ಎಲ್ಲರನ್ನೂ ಸುತ್ತ ಕೂರಿಸಿಕೊಂಡರು. ಯಾಕೆ ಓಡಿದಿರಿ ಎಂದು ಕೇಳಲಿಲ್ಲ. "ಓಡುವಾಗ ಮನಸ್ಸಲ್ಲಿ ಏನಿತ್ತು?" ಎಂದು ಕೇಳಿದರು.

ಮಾಧವಿ ಹೇಳಿದರು. "ನಮ್ಮ ಮೇಟ್ರನ್ ಹಾಗೇ ಕಲಿಸಿದ್ದು ಮೇಡಂ. ಡಾಕ್ಟ್ರನ್ನ ಕೇಳ್ದೆ ರೋಗೀನ ಮುಟ್ಟಬೇಡ ಅಂತ. ಯಾರು ಮೊದ್ಲು ಡಾಕ್ಟ್ರ ಹತ್ರ ಹೋಗ್ತಾರೋ ಅವರೇ ಚುರುಕು ಅಂತ ಹೊಗಳ್ತಿದ್ರು. ನಾನೂ ಯಾವಾಗ್ಲೂ ಮೊದ್ಲು ಹೋಗ್ತಿದ್ದೆ." ಆಮೇಲೆ ತಲೆ ತಗ್ಗಿಸಿ, "ಈಗ ನನ್ನ ಹುಡ್ಗೀರಿಗೂ ಅದನ್ನೇ ಹೇಳ್ಕೊಡ್ತಿದೀನಿ," ಎಂದರು.

ಉಳಿದವರೂ ತಲೆಯಾಡಿಸಿದರು. ಎಲ್ಲ ಶಾಲೆಗಳಲ್ಲೂ ಅದೇ ರೂಢಿ. ಅಕ್ಕ ಕೂಡ ಹಾಗೆಯೇ ಕಲಿತವರು. ಅದನ್ನು ಅವರು ಮುಚ್ಚಿಡಲಿಲ್ಲ.

ಆಮೇಲೆ ಅಕ್ಕ ತಂದೆಯ ಕಡೆ ತಿರುಗಿ, "ನಿಮಗೆ ಹೇಗಾಯ್ತು, ರೋಗಿಗಳೇ?" ಎಂದರು.

ಮುನಿಗಂಗಪ್ಪನವರು ಗಂಟಲು ಸರಿಮಾಡಿಕೊಂಡರು. "ನೋಡ್ರಮ್ಮ, ನಾಟಕದಲ್ಲಿ ಸಾಯೋವಾಗ ಮುಂದೆ ಜನ ಕಿಕ್ಕಿರಿದಿರ್ತಾರೆ. ಅಳೋರು ಅಳ್ತಾರೆ, ಸೀಟಿ ಹೊಡೆಯೋರು ಹೊಡೀತಾರೆ. ಇಲ್ಲಿ ಕಣ್ಮುಚ್ಕೊಂಡು ಮಲಗಿದ್ರೆ ಬರೀ ಚಪ್ಪಲಿ ಸದ್ದು. ಅದೂ ದೂರ ದೂರ ಹೋಗೋ ಸದ್ದು. ಸುಳ್ಳು ನೋವೇ ಆದ್ರೂ ಒಂಥರಾ ಆಯ್ತು ನಂಗೆ. ಒಬ್ರು, ಒಬ್ರೇ ಒಬ್ರು, ಕೈ ಹಿಡ್ಕೊಂಡು ಕೂತಿದ್ರೆ ಸಾಕಿತ್ತು."

ಅಕ್ಕ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಒಬ್ಬರು ಉಳಿಯಬೇಕು. ಮೊದಲು ರೋಗಿಯ ಹತ್ತಿರ ಇದ್ದವರು ಅಲ್ಲಿಂದ ಕದಲಬಾರದು. ಉಸಿರು ನೋಡಬೇಕು, ನಾಡಿ ನೋಡಬೇಕು. "ಯಾರಾದ್ರೂ ಕರೀರಿ" ಎಂದು ಗಾಳಿಗೆ ಕೂಗಬಾರದು. ಒಬ್ಬರ ಕಡೆ ಕೈ ತೋರಿಸಿ, ನೀವು ಹೋಗಿ ಡಾಕ್ಟರನ್ನು ಕರೆದುಕೊಂಡು ಬನ್ನಿ, ನೀವು ಟ್ರಾಲಿ ತನ್ನಿ ಎಂದು ಹೇಳಬೇಕು. ಬಾಯಿಗೆ ನೀರು, ಸೋಡಾ ಏನೂ ಹಾಕಬಾರದು.

"ಮೇಡಂ, ಓಪಿಡಿಯಲ್ಲಿ ಕೆಲವರು ಬೇಗ ಒಳಗೆ ಬಿಡ್ಲಿ ಅಂತ ಬಿದ್ದ ಹಾಗೆ ಆಡ್ತಾರಲ್ಲ?" ಎಂದು ಯಾರೋ ಕೇಳಿದರು.

"ನಿಜವೋ ನಾಟಕವೋ ಅಂತ ಅನುಮಾನ ಬಂದ್ರೆ ನಿಜ ಅಂತಲೇ ನಡ್ಕೊಳ್ಳಿ," ಎಂದರು ಅಕ್ಕ. "ಆಮೇಲೆ ನಾಟಕ ಅಂತ ಗೊತ್ತಾದ್ರೆ ಬೈಯೋಣ. ಬೈಯೋಕೆ ಟೈಮ್ ಇದ್ದೇ ಇರತ್ತೆ."

ಮತ್ತೆ ಆಡಿದರು, ಮತ್ತೆ ಮತ್ತೆ ಆಡಿದರು. ಈಗ ಕೋಣೆಯಲ್ಲಿ ಒಂದು ಹುರುಪು ಬಂದಿತ್ತು. ಗೊಂಬೆಯ ಎದೆ ಒತ್ತಿ ಒತ್ತಿ ಅದರ ಹೊಲಿಗೆ ಬಿಚ್ಚಿತು. ಟ್ಯೂಟರ್‌ಗಳು ಸೆರಗು ಸಿಕ್ಕಿಸಿಕೊಂಡು, ನನ್ನ ಸರದಿ ನನ್ನ ಸರದಿ ಎಂದು ಮುಂದೆ ಬರುತ್ತಿದ್ದರು. ಮಾಧವಿಯವರಿಗೆ ಮಾತ್ರ ಆಗುತ್ತಿರಲಿಲ್ಲ. ಅವರ ಸರದಿ ಬಂದಾಗಲೆಲ್ಲ, ಮುನಿಗಂಗಪ್ಪನವರು ಬಿದ್ದ ಕೂಡಲೇ ಕಾಲುಗಳು ತಾವಾಗಿಯೇ ಬಾಗಿಲ ಕಡೆ ಹೊರಡುತ್ತಿದ್ದವು. ಹೊಸ್ತಿಲ ಹತ್ತಿರ ನೆನಪಾಗಿ ನಾಲಿಗೆ ಕಚ್ಚಿಕೊಂಡು ವಾಪಸ್ ಬರುತ್ತಿದ್ದರು. "ನನ್ನ ಕೈಲಿ ಆಗಲ್ಲ ಮೇಡಂ, ಬೇರೆಯವರಿಗೆ ಕೊಡಿ," ಎಂದರು ಕೊನೆಗೆ, ಕಣ್ಣಲ್ಲಿ ನೀರು ತುಂಬಿಕೊಂಡು.

ಇನ್ನೊಂದು ಚಿಂತೆ ಅಕ್ಕನನ್ನು ಕಾಡುತ್ತಿತ್ತು. ಬೆಳಿಗ್ಗೆಯೇ ಬರುತ್ತೇನೆ ಎಂದಿದ್ದ ಡಾಕ್ಟರ್ ಶಿವಶಂಕರ್ ಬಂದೇ ಇರಲಿಲ್ಲ. ಕೆಳಗೆ ಓಪಿಡಿಯಲ್ಲಿ ಜನ ಜಾಸ್ತಿ, ಊಟದ ಹೊತ್ತಿನವರೆಗೂ ಬಿಡುವಿಲ್ಲ ಎಂದು ಹೇಳಿ ಕಳಿಸಿದ್ದರು. ಇನ್ನು ಉಳಿದಿರುವುದು ಮಧ್ಯಾಹ್ನ ಮಾತ್ರ. ಅವರು ನೋಡದೆ ಹೋದರೆ ಸೋಮವಾರ ಕೋಣೆಗೆ ಕಂಪ್ಯೂಟರು ಬರುವುದು ಖಂಡಿತ.

ಊಟಕ್ಕೆ ಬಿಟ್ಟಾಗ ಮುನಿಗಂಗಪ್ಪನವರು ಕಾಫಿ ಕುಡಿಯಲು ಕೆಳಗೆ ಇಳಿದರು. ಮಧ್ಯಾಹ್ನ ಮತ್ತೆ ಆಟವಿದೆ, ಮುಖ ತೊಳೆದರೆ ಬಣ್ಣ ಪುನಃ ಹಾಕಬೇಕು ಎಂದು ತೊಳೆಯಲಿಲ್ಲ. ಆ ಬಣ್ಣ ನೋಡಿ ಕೆಳಗಿನ ಜನ ಹೆದರಬಹುದೆಂದು ಅಕ್ಕನಿಗೂ ಹೊಳೆಯಲಿಲ್ಲ. ಕಾಫಿ ಕುಡಿದು ಬರುವಾಗ ಓಪಿಡಿಯ ಬೆಂಚೊಂದು ಫ್ಯಾನಿನ ಕೆಳಗೆ ಖಾಲಿ ಕಂಡಿತು. ಸ್ವಲ್ಪ ಹೊತ್ತು ಕೂರೋಣವೆಂದು ಕುಳಿತರು. ಬೆಳಗಿನ ಜಾವದಿಂದ ಎದ್ದಿದ್ದ ಜೀವ. ತಲೆ ಗೋಡೆಗೆ ಒರಗಿತು, ಬಾಯಿ ಸ್ವಲ್ಪ ತೆರೆಯಿತು, ಬೆಳಿಗ್ಗೆಯಿಂದ ಅಭ್ಯಾಸವಾಗಿದ್ದ ಕೈ ಎದೆಯ ಮೇಲೆಯೇ ಉಳಿಯಿತು. ಕಲಾಸಿಪಾಳ್ಯದಲ್ಲಿ ಬರುವಂಥ ಗಾಢವಾದ ನಿದ್ದೆ ಬಂದುಬಿಟ್ಟಿತು.

ಪಕ್ಕದಲ್ಲಿದ್ದ ಹೆಂಗಸೊಬ್ಬರು ಅವರ ಮುಖ ನೋಡಿದರು. ಬಿಳಿಚಿದ ಮುಖ, ಹಣೆಯ ತುಂಬ ಬೆವರು.

"ಅಯ್ಯೋ, ನೋಡ್ರಪ್ಪಾ! ಈ ಯಜಮಾನ್ರಿಗೆ ಏನೋ ಆಗೋಯ್ತು!"

ಜನ ಎದ್ದರು. "ಗ್ಯಾಸ್ ಇರ್ಬೇಕು, ಸೋಡಾ ಕುಡಿಸಿ," ಎಂದರು ಒಬ್ಬರು. ಊಟ ಮುಗಿಸಿ ಚೀಟಿಯ ಕಿಟಕಿಗೆ ಬರುತ್ತಿದ್ದ ಮರಿಯಣ್ಣ ಗುಂಪಿನೊಳಗೆ ಇಣುಕಿ ನೋಡಿ ಜೋರಾಗಿ ನಕ್ಕ. "ಹೆದರ್ಕೋಬೇಡಿ, ಇದು ನಮ್ಮ ನಾಟಕದ ಯಜಮಾನ್ರು! ಬೆಳಿಗ್ಗೆಯಿಂದ ಮೇಲ್ಗಡೆ ಸಾಯ್ತಾನೇ ಇದಾರೆ."

ಆಗ ಮಾಧವಿಯವರು ಊಟದ ಡಬ್ಬಿ ತೊಳೆದುಕೊಂಡು ಆ ದಾರಿಯಾಗಿ ಬಂದರು. ಅವರಿಗೂ ಕೂಡಲೇ ಗುರುತು ಸಿಕ್ಕಿತು. ನಗುತ್ತಾ ಮುಂದೆ ಹೋಗಬಹುದಾಗಿತ್ತು. ಹೋಗಲಿಲ್ಲ. ಆ ಕ್ಷಣ ಮನಸ್ಸಿನಲ್ಲಿ ಬಂದದ್ದನ್ನು ಅವರೇ ನಂತರ ಹೇಳಿದರು. ಆಟ ಮೇಲೆ ನಡೆಯುವುದು, ಇದು ಕೆಳಗೆ. ಈಗ ಊಟದ ಬಿಡುವು, ಆಟವಿಲ್ಲ. ಇವರಿಗೆ ಅರವತ್ತು ದಾಟಿದೆ. ನೋವು ಇವರಿಗೂ ಬರಬಾರದೆಂದು ಇದೆಯೇ?

ಡಬ್ಬಿಯನ್ನು ನೆಲದ ಮೇಲಿಟ್ಟು ಅವರ ಪಕ್ಕದಲ್ಲಿ ಕುಳಿತರು. ಭುಜ ತಟ್ಟಿ, "ಯಜಮಾನ್ರೆ! ಯಜಮಾನ್ರೆ! ಕೇಳಿಸ್ತಿದೆಯಾ?" ಎಂದು ಕೂಗಿದರು. ಮುನಿಗಂಗಪ್ಪನವರು ನಿದ್ದೆಯಲ್ಲೇ "ಹ್ಞೂಂ..." ಎಂದು ನರಳಿ ಇನ್ನಷ್ಟು ಒರಗಿದರು. ಅಷ್ಟೇ. ಮಾಧವಿ ಎದೆ ಏಳುವುದನ್ನು ನೋಡಿದರು. ಉಸಿರಿತ್ತು. ಮಣಿಕಟ್ಟು ಹಿಡಿದರು. ನಾಡಿ ಇತ್ತು.

ಕಾಲುಗಳು ಓಡು ಓಡು ಎನ್ನುತ್ತಿದ್ದವು. ಹಿಡಿದ ಮಣಿಕಟ್ಟನ್ನು ಅವರು ಬಿಡಲಿಲ್ಲ.

"ನೀವು! ನೀಲಿ ಶರ್ಟಿನವರು! ಆ ಮೂಲೆ ರೂಮಲ್ಲಿ ಡಾಕ್ಟ್ರಿದಾರೆ, ಹೋಗಿ ಕರ್ಕೊಂಡೇ ಬನ್ನಿ. ಮರಿಯಣ್ಣ, ಟ್ರಾಲಿ ತನ್ನಿ."

"ಮೇಡಂ, ಅದು ನಾಟಕ..."

"ಟ್ರಾಲಿ ತನ್ನಿ ಮರಿಯಣ್ಣ!"

ಆ ಮೆಲ್ಲನೆಯ ಧ್ವನಿ ಎಲ್ಲಿ ಹೋಯಿತೋ. ಇಡೀ ಓಪಿಡಿಗೆ ಕೇಳಿಸಿತು. ಮರಿಯಣ್ಣ ನಗು ಬಿಟ್ಟು ಓಡಿದ. "ಸೋಡಾ ಬೇಡ, ಬಾಯಿಗೆ ಏನೂ ಹಾಕ್ಬೇಡಿ. ಸ್ವಲ್ಪ ಹಿಂದೆ ಸರೀರಿ, ಗಾಳಿ ಬರ್ಲಿ," ಎಂದು ಮಾಧವಿ ಹೇಳುತ್ತಲೇ ಇದ್ದರು. ಮೆಟ್ಟಿಲು ಇಳಿದು ಬಂದ ಇನ್ನಿಬ್ಬರು ಟ್ಯೂಟರ್‌ಗಳು ಕೇಳದೆಯೇ ಒಬ್ಬರು ಬಿಪಿ ಪಟ್ಟಿ ಕಟ್ಟಿದರು, ಒಬ್ಬರು ಮರಿಯಣ್ಣ ತಂದ ಟ್ರಾಲಿಯ ಆಕ್ಸಿಜನ್ ತಿರುಗಿಸಿದರು. ನೀಲಿ ಶರ್ಟಿನವರು ಡಾಕ್ಟರ್ ಶಿವಶಂಕರ್ ಅವರನ್ನು ಅಕ್ಷರಶಃ ಕೈ ಹಿಡಿದು ಎಳೆದುಕೊಂಡು ಬಂದರು.

ಮೂಗಿನ ಮೇಲೆ ಮಾಸ್ಕ್ ಬಿದ್ದು ಸುಯ್ ಎಂದು ಗಾಳಿ ಬಂದಾಗ ಮುನಿಗಂಗಪ್ಪನವರಿಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಮುಂದೆ ಬಿಳಿ ಕೋಟು, ಟ್ರಾಲಿ, ತಮ್ಮ ಕೈ ಹಿಡಿದಿರುವ ಮಾಧವಿ. ಮಧ್ಯಾಹ್ನದ ಆಟ ಶುರುವಾಗಿಹೋಗಿದೆ, ತಾನು ಮಲಗಿಬಿಟ್ಟಿದ್ದೇನೆ ಎಂದುಕೊಂಡು ಅವರಿಗೆ ಬಹಳ ನಾಚಿಕೆಯಾಯಿತು. ಮಗಳಿಗೆ ಕೊಟ್ಟ ಮಾತು ನೆನಪಾಯಿತು. ಅವಳು 'ಸಾಕು' ಅಂದಿಲ್ಲ. ತಕ್ಷಣ ಎದೆ ಹಿಡಿದುಕೊಂಡು ಮುಖ ಹಿಂಡಿದರು.

"ಯಜಮಾನ್ರೆ, ನೋವು ಎಲ್ಲಿದೆ?" ಎಂದರು ಡಾಕ್ಟರು.

ಮುನಿಗಂಗಪ್ಪನವರು ಮಾತಾಡಲಿಲ್ಲ. ಎದೆ ತೋರಿಸಿದರು, ಎಡತೋಳು ತೋರಿಸಿದರು, ದವಡೆ ತೋರಿಸಿದರು. ಮಗಳು ಹೇಳಿಕೊಟ್ಟಿದ್ದರಲ್ಲಿ ಒಂದನ್ನೂ ಬಿಡಲಿಲ್ಲ.

"ಇಸಿಜಿ ತನ್ನಿ, ಬೇಗ!" ಎಂದರು ಡಾಕ್ಟರು.

ಗಲಾಟೆ ಕೇಳಿ ಕುಸುಮಾ ಅಕ್ಕ ಮೆಟ್ಟಿಲು ಇಳಿದು ಬಂದರು. ಗುಂಪಿನ ನಡುವೆ ತಂದೆ, ಮುಖದ ಮೇಲೆ ಮಾಸ್ಕ್, ಮುಂದೆ ಡಾಕ್ಟರು. ಇಷ್ಟು ವರ್ಷದ ನರ್ಸು ಅಪ್ಪಾ ಎಂದು ಕೂಗಲೂ ಆಗದೆ ನಿಂತುಬಿಟ್ಟರು. ಆಗ ಅವರ ಕಣ್ಣು ಕೆಳಗೆ ಹೋಯಿತು.

ಬಲಗಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು.

"ಅಪ್ಪಾ! ಸಾಕು!"

ಮುನಿಗಂಗಪ್ಪನವರು ನೆಟ್ಟಗೆ ಕುಳಿತು ಮಾಸ್ಕ್ ತೆಗೆದರು. ಮುಖದ ತುಂಬ ಸಂಭ್ರಮ. "ಈ ಸಲ ಯಾರೂ ಬಿಟ್ಟು ಓಡ್ಲಿಲ್ಲ ಕಣಮ್ಮ! ಈ ತಾಯಿ ಇದಾಳಲ್ಲ, ನನ್ನ ಕೈ ಬಿಡ್ಲೇ ಇಲ್ಲ!"

ಡಾಕ್ಟರು ಒಂದು ಬೆರಳಿನಿಂದ ಮುನಿಗಂಗಪ್ಪನವರ ಹಣೆ ಒರೆಸಿ ನೋಡಿದರು. ಬೆರಳಿಗೆ ವಿಭೂತಿ ಅಂಟಿತು. ಇಲ್ಲಿಗೆ ಕೋಣೆಯ ಕಥೆ ಮುಗಿಯಿತು ಎಂದುಕೊಂಡರು ಅಕ್ಕ.

"ತಪ್ಪು ನಂದು ಸರ್. ಮುಖ ತೊಳಿಸ್ದೆ ಕೆಳಗೆ ಬಿಡಬಾರದಿತ್ತು."

ಡಾಕ್ಟರು ಮಾಧವಿಯವರ ಕಡೆ ತಿರುಗಿದರು. "ಇವರು ನಾಟಕದವರು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್."

"ಮತ್ತೆ?"

"ಅನುಮಾನ ಬಂತು ಸರ್. ಅನುಮಾನ ಬಂದ್ರೆ ನಿಜ ಅಂತಲೇ ನಡ್ಕೊಳ್ಳಿ ಅಂತ ಬೆಳಿಗ್ಗೆ ಮೇಡಂ ಹೇಳಿದ್ರು." ಅವರ ಕೈ ಇನ್ನೂ ಮುನಿಗಂಗಪ್ಪನವರ ಮಣಿಕಟ್ಟಿನ ಮೇಲೆಯೇ ಇತ್ತು.

ಡಾಕ್ಟರು ಟ್ರಾಲಿಯನ್ನು ನೋಡಿದರು, ಬಿಪಿ ಪಟ್ಟಿಯನ್ನು ನೋಡಿದರು, ತಮ್ಮನ್ನು ಎಳೆದುತಂದ ನೀಲಿ ಶರ್ಟಿನವರನ್ನು ನೋಡಿದರು. "ನಾನೇ ಸಾರ್ ನಿಮ್ಮನ್ನ ಕರೆದಿದ್ದು," ಎಂದರು ಅವರು ಹೆಮ್ಮೆಯಿಂದ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದೇ ತಡ, ಇಡೀ ಓಪಿಡಿ ನಕ್ಕಿತು. ಸೋಡಾ ಕುಡಿಸಿ ಎಂದವರು ಎಲ್ಲರಿಗಿಂತ ಜೋರಾಗಿ ನಕ್ಕರು.

"ನಾನು ಬರೋ ಹೊತ್ತಿಗೆ ಎಲ್ಲಾ ಕೆಲಸ ಆಗಿತ್ತಲ್ರೀ," ಎಂದರು ಡಾಕ್ಟರು ಅಕ್ಕನಿಗೆ. "ಇಷ್ಟು ವರ್ಷದಲ್ಲಿ ನನ್ನನ್ನ ಕರೆಯೋಕೆ ಒಬ್ಬರೇ ಬಂದಿದ್ದು ಇದೇ ಮೊದಲು. ಯಾವಾಗ್ಲೂ ಮೆರವಣಿಗೇನೇ ಬರೋದು." ಆಮೇಲೆ ಮುನಿಗಂಗಪ್ಪನವರಿಗೆ, "ಇಸಿಜಿ ಹೇಗೂ ತಂದಿದಾರೆ. ಮಲಗಿ, ತೆಗೆದೇ ಬಿಡೋಣ. ಇಷ್ಟು ಸಲ ಎದೆ ಹಿಡ್ಕೊಂಡಿದೀರ," ಎಂದರು.

ಇಸಿಜಿಯಲ್ಲಿ ಏನೂ ತೊಂದರೆ ಇರಲಿಲ್ಲ. ಕಂಪ್ಯೂಟರು ಕೆಳಗೆ ಚೀಟಿಯ ಕಿಟಕಿಯ ಪಕ್ಕದಲ್ಲೇ ಬಂದು ಕುಳಿತಿತು. ಮಹಡಿಯ ಕೋಣೆ ಅಕ್ಕನಿಗೆ ಉಳಿಯಿತು. ಮುಂದಿನ ತಿಂಗಳ ಆಟದಲ್ಲಿ ತಮ್ಮ ಓಪಿಡಿಯ ನರ್ಸ್‌ಗಳನ್ನೂ ತಮ್ಮನ್ನೂ ಸೇರಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಒಂದೇ ಷರತ್ತು ಹಾಕಿದರು. ರೋಗಿ ಮಹಡಿಯಿಂದ ಇಳಿಯುವ ಮೊದಲು ಮುಖ ತೊಳೆಯಬೇಕು. ಅಕ್ಕ ಅದನ್ನು ಹಲಗೆಯ ಮೇಲೆ, ಒಬ್ಬರು ಉಳಿಯಬೇಕು ಎಂಬುದರ ಕೆಳಗೆ ಬರೆದರು.

ಆ ಇಸಿಜಿ ಕಾಗದ ಈಗಲೂ ಮುನಿಗಂಗಪ್ಪನವರ ಅಂಗಿಯ ಜೇಬಿನಲ್ಲಿದೆ. ಗಾಂಧಿ ಬಜಾರಿನಲ್ಲಿ ಸೊಪ್ಪು ಕೊಳ್ಳಲು ಬಂದವರಿಗೆ ಅದನ್ನು ಬಿಚ್ಚಿ ತೋರಿಸಿ, "ಇದು ನಿಜದ್ದು, ಆಡಿದ್ದಲ್ಲ" ಎನ್ನುತ್ತಾರೆ.

ಕೆಲವು ವಾರಗಳ ನಂತರ ಮಾಧವಿಯವರು ತಮ್ಮ ಮಲ್ಲೇಶ್ವರದ ಹುಡುಗಿಯರಿಗೆ ಕಲಿಸಲು ಶುರು ಮಾಡಿದರು. ರೋಗಿಯಾಗಿ ಮುನಿಗಂಗಪ್ಪನವರೇ ಬೇಕು ಎಂದು ಕೇಳಿಕೊಂಡರು. ಆ ದಿನ ಮುನಿಗಂಗಪ್ಪನವರು ಒಗೆದ ಪಂಚೆ ಉಟ್ಟು, ವಿಭೂತಿ ಮತ್ತು ಗ್ಲಿಸರಿನ್ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು, ಹತ್ತಿಯ ಗೊಂಬೆಯನ್ನು ಕಂಕುಳಲ್ಲಿ ಹಿಡಿದು ಬಸ್ಸಿಗೆ ಹೊರಟರು. ಅವರು ವಠಾರದ ಬಾಗಿಲು ದಾಟುವಾಗ ಅಂಜನಮ್ಮನವರು ಸೊಪ್ಪಿನ ಬುಟ್ಟಿಗೆ ನೀರು ಚಿಮುಕಿಸುತ್ತಾ ಕೂಗಿ ಹೇಳಿದ್ದು ನಮಗೆಲ್ಲ ಕೇಳಿಸಿತು.

"ಎಷ್ಟು ಸಲ ಬೇಕಾದ್ರೂ ಸಾಯಿ. ವಾಪಸ್ ಬಸ್ ಹತ್ತೋ ಮುಂಚೆ ಮಾತ್ರ ಮುಖ ತೊಳ್ಕೊಂಡು ಬಾ!"